ಮೇಣದ ಬತ್ತಿಯೂ ಸಾಬೂನೂ: ಒಂದು ಮನೆಗಸುಬಿನ ಪೂರ್ವಚರಿತ್ರೆ

ಈಚಿನ ಕೆಲವು ವರ್ಷಗಳಿಂದ ನಮ್ಮ ಊರುಗಳಲ್ಲಿ ವಿದ್ಯಾವಂತರಾದ ಗೃಹಿಣಿಯರು ಮನೆಯ ಒಲೆಯ ಮೇಲೆಯೇ ಮೇಣವನ್ನು ಕರಗಿಸಿ ಸುವಾಸನೆಯ ಬತ್ತಿಗಳನ್ನು ಎರೆಯುವುದೂ, ಕೊಬ್ಬರಿ ಎಣ್ಣೆಗೆ ಕ್ಷಾರವನ್ನು ಕೂಡಿಸಿ ಮೈಸಾಬೂನಿನ ಬಿಲ್ಲೆಗಳನ್ನು ಮಾಡುವುದೂ, ಅವನ್ನು ಬಂಧುಗಳಿಗೂ ಪರಿಚಿತರಿಗೂ ಮಾರಿ ನಾಲ್ಕು ಕಾಸು ಕಾಣುವುದೂ ವಾಡಿಕೆಗೆ ಬಂದಿದೆ. ಹಿರಿಯರಲ್ಲಿ ಕೆಲವರು ಇದನ್ನು ಹೊಸಗಾಲದ ಶೋಕಿಯೆಂದು ನಕ್ಕುಬಿಡುತ್ತಾರೆ. ಇನ್ನು ಕೆಲವರು, ಬತ್ತಿಗೂ ಸಾಬೂನಿಗೂ ಏನು ಸಂಬಂಧ, ಒಬ್ಬಳೇ ಎರಡನ್ನೂ ಏಕೆ ಮಾಡಬೇಕು ಎಂದು ಕೇಳುತ್ತಾರೆ. ಮೊದಲನೆಯವರಿಗೆ ಉತ್ತರ ಕೊಡುವುದು ನನ್ನ ಉದ್ದೇಶವಲ್ಲ. ಎರಡನೆಯವರ ಪ್ರಶ್ನೆ ಮಾತ್ರ ವಿಚಾರಕ್ಕೆ ಯೋಗ್ಯವಾದುದು. ಅದರ ಬೆನ್ನು ಹತ್ತಿ ಹೋದರೆ ಮೂರು ನಾಲ್ಕು ಶತಮಾನಗಳ ಚರಿತ್ರೆಯ ಒಂದು ಓಣಿಯೇ ತೆರೆದುಕೊಳ್ಳುತ್ತದೆ.

ಈ ಎರಡು ಪದಾರ್ಥಗಳಿಗೂ ಮೂಲವಾದುದು ಜಿಡ್ಡು. ಜಿಡ್ಡಿಗೆ ನೂಲಿನ ಕುಡಿಯನ್ನು ಇಟ್ಟರೆ ಬತ್ತಿಯಾಗುತ್ತದೆ. ಅದೇ ಜಿಡ್ಡಿಗೆ ಕ್ಷಾರವನ್ನು ಕೂಡಿಸಿ ಕುದಿಸಿದರೆ ಸಾಬೂನಾಗುತ್ತದೆ. ಆದುದರಿಂದ ಪಶ್ಚಿಮದ ಶೀತದೇಶಗಳಲ್ಲಿ ದನ ಕುರಿಗಳ ನೆಣವನ್ನು ಕೊಂಡು ಕರಗಿಸುವವನು ಒಂದು ಕಡಾಯಿಯಿಂದ ಬತ್ತಿಯನ್ನೂ, ಪಕ್ಕದ ಕಡಾಯಿಯಿಂದ ಸಾಬೂನನ್ನೂ ತೆಗೆಯುವುದು ಸಹಜವಾಗಿದ್ದಿತು. ನಮ್ಮ ಧರ್ಮಶಾಸ್ತ್ರಕಾರರಿಗೂ ಈ ನೆಂಟಸ್ತಿಕೆ ತಿಳಿಯದೆ ಇರಲಿಲ್ಲವೋ ಏನೋ! ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ಆಪತ್ಕಾಲದಲ್ಲಿ ವ್ಯಾಪಾರಕ್ಕೆ ಇಳಿದ ಬ್ರಾಹ್ಮಣನು ಮಾರಬಾರದ ಸರಕುಗಳ ಪಟ್ಟಿಯೊಂದಿದೆ. ಅದರ ಒಂದೇ ಶ್ಲೋಕದಲ್ಲಿ ಸುಗಂಧದ್ರವ್ಯಗಳು, ತುಪ್ಪ, ಎಣ್ಣೆ ಇವು ಜೊತೆಯಾಗಿ ಬಂದಿವೆ. ಜೇನಿಗೆ ಬೇರೆ ಶಬ್ದ ಅಲ್ಲಿಯೇ ಇರುವುದರಿಂದ 'ಮಧು' ಎಂಬುದಕ್ಕೆ ಮೇಣವೆಂದು ಅರ್ಥ ಮಾಡಿದವರೂ ಉಂಟು. ಮೇಣ, ಎಣ್ಣೆ, ಗಂಧ, ಈ ಮೂರನ್ನೂ ಮಾರಬಾರದೆಂದ ಮೇಲೆ ನಮ್ಮ ಗೃಹಿಣಿಯರ ಅಂಗಡಿಯಲ್ಲಿ ಉಳಿಯುವುದು ತಕ್ಕಡಿಯೊಂದೇ. ಪಾಠಶಾಲೆಯಲ್ಲಿ ಓದಿದವನಾದ ನನಗೆ ಈ ಶ್ಲೋಕ ನೆನಪಿಗೆ ಬಂದಾಗ ನಗು ಬಂದಿತೇ ಹೊರತು, ಅದನ್ನು ಯಾರ ಮುಂದೆಯೂ ಪ್ರಮಾಣವಾಗಿ ಹಿಡಿಯಬೇಕೆಂದು ಅನ್ನಿಸಲಿಲ್ಲ.

ನಮ್ಮ ದೇಶದಲ್ಲಿ ಮೇಣದ ಬತ್ತಿ ಏಕೆ ಹುಟ್ಟಲಿಲ್ಲವೆಂಬುದು ಕುತೂಹಲಕರವಾದ ಪ್ರಶ್ನೆ. ಮೇಣವೇನೋ ಇದ್ದಿತು. ಜೇನು ಹಿಂಡಿದ ಮೇಲೆ ಉಳಿಯುವುದಾದ್ದರಿಂದ ಅದನ್ನು 'ಮಧೂಚ್ಛಿಷ್ಟ'ವೆಂದು ಕರೆದರು. ಆದರೆ ಅದು ಹೋದದ್ದು ದೀಪಕ್ಕಲ್ಲ, ಶಿಲ್ಪಿಯ ಮನೆಗೆ. ಮೇಣದಲ್ಲಿ ಮೂರ್ತಿಯನ್ನು ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹೊರಗೆ ಹರಿಯಿಸಿ, ಆ ಬರಿದಾದ ಎಡೆಗೆ ಲೋಹವನ್ನು ಎರೆಯುವ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ 'ಮಾನಸೋಲ್ಲಾಸ'ದಲ್ಲಿ ವಿವರಿಸಿದ್ದಾನೆ. ದೀಪಕ್ಕೆ ಎಳ್ಳೆಣ್ಣೆ, ಹರಳೆಣ್ಣೆ, ಹೊಂಗೆ ಎಣ್ಣೆ, ದೇವರಿಗೆ ತುಪ್ಪ, ಇಷ್ಟು ಬೀಜಗಳೂ ಇಷ್ಟು ಗಾಣಗಳೂ ಇರುವ ನಾಡಿನಲ್ಲಿ ಬಿಸಿಲಿಗೆ ಕರಗಿ ಬಾಗುವ ನೆಣದ ಬತ್ತಿಯನ್ನು ಯಾರು ಬಯಸಿಯಾರು? ಅದರ ಮೇಲೆ ಮಡಿಯ ಮಾತು ಬೇರೆ.

ಸಾಬೂನಿನ ವಿಷಯ ಇನ್ನೂ ವಿಚಿತ್ರವಾದುದು. ಕ್ಷಾರವನ್ನು ತೆಗೆಯುವ ವಿದ್ಯೆಯಲ್ಲಿ ನಮ್ಮವರು ಯಾರಿಗೂ ಕಡಮೆಯಾಗಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಗಿಡಮರಗಳನ್ನು ಸುಟ್ಟ ಬೂದಿಯನ್ನು ಆರರಷ್ಟು ನೀರಿನಲ್ಲಿ ಕದಡಿ, ಇಪ್ಪತ್ತೊಂದು ಸಲ ಸೋಸಿ, ಕುದಿಸಿ ಹದಕ್ಕೆ ತರುವ ಪದ್ಧತಿಯನ್ನು ಹೇಳಿದೆ. ಆದರೆ ಅದು ವ್ರಣವನ್ನೂ ಮೂಲವ್ಯಾಧಿಯನ್ನೂ ಸುಡುವ ವೈದ್ಯನ ಕೈಗೆ ಹೋಯಿತು. ಅಗಸನು ಚೌಳುಮಣ್ಣಿನಿಂದ ಬಟ್ಟೆ ಒಗೆದನು. ಮನೆಯವರು ಸೀಗೆ, ಅಂಟುವಾಳ, ಕಡಲೆಹಿಟ್ಟು, ಹೆಸರುಹಿಟ್ಟುಗಳಿಂದ ಎಣ್ಣೆಯ ಜಿಡ್ಡು ತೆಗೆದರು. ಮರವೇ ನೊರೆಯನ್ನು ಕೊಡುತ್ತಿರುವಾಗ ಕ್ಷಾರವನ್ನೂ ಕೊಬ್ಬನ್ನೂ ಕೂಡಿಸಿ ಕುದಿಸುವ ಶ್ರಮ ಯಾರಿಗೂ ಬೇಕಾಗಲಿಲ್ಲ. ನಮ್ಮವರ ಬುದ್ಧಿ ಹರಿದದ್ದು ಪರಿಮಳದ ಕಡೆಗೆ. ಗಂಧಯುಕ್ತಿಯೆಂಬುದು ಅರುವತ್ತನಾಲ್ಕು ಕಲೆಗಳಲ್ಲಿ ಒಂದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟು, ಹದಿನಾರು ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆಯ್ದರೆ ೧೮೨೦ ಬಗೆಯ ಮಿಶ್ರಣಗಳಾಗುವುವೆಂದು ಲೆಕ್ಕ ಹಾಕಿದನು. ಗಣಿತವನ್ನು ಗಂಧದಂಗಡಿಯಲ್ಲಿ ಕಲಿಸಿದ ಆಚಾರ್ಯನೆಂದು ಆತನನ್ನು ಕರೆಯಬಹುದು. ಸೋಮೇಶ್ವರನೂ ಸ್ನಾನಭೋಗವೆಂದು ಒಂದು ಪ್ರಕರಣವನ್ನು ಬರೆದು, ಸುವಾಸಿತ ತೈಲದ ಅಭ್ಯಂಗವನ್ನೂ ಬಳಿಕ ಜಿಡ್ಡು ತೆಗೆಯುವ ಸುಗಂಧದ ಹಿಟ್ಟನ್ನೂ ರಾಜಭೋಗಗಳಲ್ಲಿ ಸೇರಿಸಿದ್ದಾನೆ. ಆದರೆ ಇವು ಅರಮನೆಯ ಮಾತು. ಹಿಟ್ಟು ಅರೆದ ದಾಸಿಯ ಹೆಸರನ್ನು ಯಾವ ಗ್ರಂಥವೂ ಹೇಳುವುದಿಲ್ಲ. ಮನೆಯಲ್ಲಿ ಬತ್ತಿ ಸಾಬೂನುಗಳನ್ನು ಮಾಡಿ ಮಾರಿ ಬದುಕಿದವರ ಕಥೆ ಬೇಕಾದರೆ ನಾವು ಸಮುದ್ರವನ್ನು ದಾಟಲೇಬೇಕು.

ಇಂಗ್ಲೆಂಡಿನ ಬಡವರ ದೀಪದ ವಿಚಾರವನ್ನು ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟನು ೧೭೮೯ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಅಲ್ಲಿನ ಜನ ಜೌಗುನೆಲದ ಜೊಂಡನ್ನು ಬೇಸಗೆಯಲ್ಲಿ ಕೊಯ್ದು ತಂದು, ನೀರಿನಲ್ಲಿ ನೆನೆಹಾಕಿ, ಒಳಗಿನ ಬೆಂಡು ನಿಲ್ಲುವಂತೆ ಒಂದೇ ಒಂದು ಎಳೆಯಷ್ಟು ಸಿಪ್ಪೆಯನ್ನು ಉಳಿಸಿ ಮಿಕ್ಕುದನ್ನು ಸುಲಿದು, ಬಿಸಿಲಿಗೂ ಇಬ್ಬನಿಗೂ ಒಡ್ಡಿ, ಅಡಿಗೆಯಲ್ಲಿ ಮಿಕ್ಕ ಕೊಬ್ಬಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಜೇನು ಸಾಕಿದವರು ಸ್ವಲ್ಪ ಮೇಣವನ್ನು ಸೇರಿಸಿದರೆ ಅದು ಗಟ್ಟಿಯಾಗಿ ನಿಲ್ಲುತ್ತಿದ್ದಿತು. ವೈಟನು ಸುಮ್ಮನೆ ವರ್ಣಿಸಿ ಬಿಟ್ಟವನಲ್ಲ. ಒಂದು ಪೌಂಡು ಒಣ ಜೊಂಡನ್ನು ತೂಗಿಸಿ ಎಣಿಸಿದನು. ೧೬೦೦ಕ್ಕೆ ಮೇಲ್ಪಟ್ಟು ಕಡ್ಡಿಗಳಿದ್ದುವು. ಅದಕ್ಕೆ ಆರು ಪೌಂಡು ಕೊಬ್ಬು ಬೇಕು. ಎರಡೂ ಸೇರಿ ಮೂರು ಷಿಲಿಂಗು. ಒಂದೊಂದು ಕಡ್ಡಿ ಅರ್ಧ ಗಂಟೆ ಉರಿದರೂ ೮೦೦ ಗಂಟೆಗಳ ಬೆಳಕು! ಎಂದರೆ ಒಂದು ಫಾರ್ದಿಂಗಿಗೆ, ಅಂದರೆ ಪೆನ್ನಿಯ ಕಾಲು ಭಾಗಕ್ಕೆ, ಐದೂವರೆ ಗಂಟೆಗಳ ಬೆಳಕಾಯಿತು. ಹೀಗಿದ್ದರೂ ಅತ್ಯಂತ ಬಡವರು ದಿನವೂ ಸಂಜೆ ಅರ್ಧ ಪೆನ್ನಿಯ ಬತ್ತಿಯನ್ನು ಅಂಗಡಿಯಿಂದ ತಂದು, ಹನ್ನೊಂದು ಗಂಟೆಯ ಬೆಳಕಿನ ಹಣವನ್ನು ಎರಡು ಗಂಟೆಯಲ್ಲಿ ಸುಡುತ್ತಾರೆಂದು ಆತನು ಮರುಗುತ್ತಾನೆ.

ಈ ಲೆಕ್ಕವನ್ನು ನಾನು ಹಲವು ಸಲ ಓದಿ ಮೆಚ್ಚಿದ್ದೇನೆ. ಆದರೆ ಅದರಲ್ಲಿ ಒಂದು ಅಂಕಣ ಬಿಟ್ಟುಹೋಗಿದೆ. ಜೊಂಡಿನ ಬೆಲೆಯಿದೆ, ಕೊಬ್ಬಿನ ಬೆಲೆಯಿದೆ. ೧೬೦೦ ಕಡ್ಡಿಗಳನ್ನು ಒಂದೊಂದಾಗಿ ಬಿಸಿಕೊಬ್ಬಿನಲ್ಲಿ ಅದ್ದಿ ಆರಿಸಿದವಳ ಕೂಲಿ ಇಲ್ಲ. ದಿನವೆಲ್ಲ ಕೂಲಿಗೆ ಹೋಗಿ ಬಂದವಳಿಗೆ ಆ ಹೊತ್ತು ಎಲ್ಲಿಂದ ಬರಬೇಕು? ಅರ್ಧ ಪೆನ್ನಿಯ ಬತ್ತಿಯನ್ನು ಕೊಂಡವಳು ಅವಿವೇಕಿಯೆಂದು ಹೇಳುವ ಮೊದಲು ಇದನ್ನು ವಿಚಾರಿಸಬೇಕಾಗಿದ್ದಿತು.

ಪೇಟೆಗಳಲ್ಲಿ ಈ ಕಸುಬು ಬಹುಕಾಲದ ಹಿಂದೆಯೇ ಶ್ರೇಣಿಗಳ ಕೈಗೆ ಸೇರಿದ್ದಿತು. ಲಂಡನ್ನಿನಲ್ಲಿ ನೆಣದ ಬತ್ತಿಯವರ ಶ್ರೇಣಿಗೆ ೧೪೬೨ರಲ್ಲಿಯೂ, ಜೇನುಮೇಣದ ಬತ್ತಿಯವರ ಶ್ರೇಣಿಗೆ ೧೪೮೪ರಲ್ಲಿಯೂ ರಾಜಶಾಸನಗಳು ದೊರೆತುವು. ಇವೆರಡೂ ಬೇರೆ ಬೇರೆ. ನೆಣದ ಬತ್ತಿ ಹೊಗೆಯಾಡುವುದು, ನಾರುವುದು. ಅದು ಬಡವರ ಮನೆಗೆ. ಮೇಣದ ಬತ್ತಿ ಚರ್ಚಿಗೂ ಸಿರಿವಂತರ ಭೋಜನಶಾಲೆಗೂ. ಶ್ರೇಣಿಗಳ ಕಟ್ಟಿಗಿಂತ ಬಲವಾದ ಕಟ್ಟು ಬಂದದ್ದು ಬೊಕ್ಕಸದಿಂದ. ಯುದ್ಧದ ವೆಚ್ಚಕ್ಕಾಗಿ ಹಣ ಹುಡುಕುತ್ತಿದ್ದ ಪಾರ್ಲಿಮೆಂಟು ೧೭೦೯ರಲ್ಲಿ ಬತ್ತಿಗೂ ೧೭೧೨ರಲ್ಲಿ ಸಾಬೂನಿಗೂ ಸುಂಕ ವಿಧಿಸಿತು. ಪರವಾನಗಿಯಿಲ್ಲದೆ ಮನೆಯಲ್ಲಿ ಬತ್ತಿ ಮಾಡಿಕೊಳ್ಳುವುದು ಅಪರಾಧವಾಯಿತು. ಒಂದೇ ಸಲ ಅದ್ದಿದ ಜೊಂಡಿನ ಕಡ್ಡಿಗೆ ಮಾತ್ರ ವಿನಾಯಿತಿ. ಸೆಲ್ಬೋರ್ನಿನ ಬಡವರ ಜೊಂಡಿನ ದೀಪಕ್ಕೆ ಮಿತವ್ಯಯವೊಂದೇ ಕಾರಣವಲ್ಲ, ಕಾನೂನಿನ ಈ ಬಿರುಕೂ ಕಾರಣವೆಂಬುದನ್ನು ಮರೆಯಬಾರದು. ಸಾಬೂನಿನವರ ಪಾಡು ಇನ್ನೂ ಕಷ್ಟವಾದುದು. ಸುಂಕದ ಅಧಿಕಾರಿ ರಾತ್ರಿ ಬಂದು ಕಡಾಯಿಗಳಿಗೆ ಬೀಗ ಹಾಕಿ ಹೋಗುವನು. ಒಂದು ಸಲ ಕುದಿಸಿದರೆ ಒಂದು ಟನ್ನಿಗೆ ಕಡಮೆಯಿರಕೂಡದೆಂಬ ನಿಯಮವೂ ಇದ್ದಿತು. ಸಣ್ಣ ಕಡಾಯಿಗಳ ಮೇಲೆ ಕಾವಲಿಡುವುದು ಸರಕಾರಕ್ಕೆ ತೊಂದರೆ. ದೊಡ್ಡ ಕಡಾಯಿಗಳು ಕೆಲವಿದ್ದರೆ ಲೆಕ್ಕಕ್ಕೆ ಸುಲಭ. ಮನೆಯ ಒಲೆಯಿಂದ ಸಾಬೂನನ್ನು ಓಡಿಸಿದುದು ಯಂತ್ರವೆಂದು ನಾವು ತಿಳಿದಿದ್ದೇವೆ. ಇಂಗ್ಲೆಂಡಿನಲ್ಲಿ ಯಂತ್ರವು ಬರುವುದಕ್ಕೆ ಮೊದಲೇ ಸುಂಕದವನು ಆ ಕೆಲಸವನ್ನು ಬಹುಮಟ್ಟಿಗೆ ಮುಗಿಸಿದ್ದನು. ಬತ್ತಿಯ ಸುಂಕ ೧೮೩೧ರಲ್ಲಿ ಹೋಯಿತು. ಸಾಬೂನಿನ ಸುಂಕವನ್ನು ೧೮೫೩ರಲ್ಲಿ ಗ್ಲ್ಯಾಡ್‌ಸ್ಟನ್ನನು ತೆಗೆದುಹಾಕಿದನು.

ಅಮೆರಿಕದ ವಸಾಹತುಗಳ ಮನೆಗಳಲ್ಲಿ ಈ ಕಸುಬು ಸ್ವತಂತ್ರವಾಗಿ ಬೆಳೆಯಿತು. ಅಲ್ಲಿಯ ಒಂದು ಮನೆತನದ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಜೊಸಾಯ ಫ್ರಾಂಕ್ಲಿನನೆಂಬುವನು ಇಂಗ್ಲೆಂಡಿನಲ್ಲಿ ಬಣ್ಣಗಾರನಾಗಿದ್ದು, ೧೬೮೩ರಲ್ಲಿ ಹೆಂಡತಿ ಮಕ್ಕಳೊಡನೆ ಬಾಸ್ಟನ್ನಿಗೆ ಬಂದನು. ಹೊಸ ಊರಿನ ಜನಕ್ಕೆ ಬಣ್ಣದ ಬಟ್ಟೆಯ ಚಿಂತೆ ಕಡಮೆ. ಬಣ್ಣ ಹಾಕಿ ಹೊಟ್ಟೆ ಹೊರೆಯುವುದು ಸಾಧ್ಯವಿರಲಿಲ್ಲ. ಕತ್ತಲೆಯೂ ಕೊಳೆಯೂ ಮಾತ್ರ ಎಲ್ಲ ಊರಿನಲ್ಲಿಯೂ ಉಂಟಷ್ಟೆ. ಆತನು ನೆಣದ ಬತ್ತಿ ಮತ್ತು ಸಾಬೂನಿನ ಕಸುಬನ್ನು ಹಿಡಿದು, ನೀಲಿ ಚೆಂಡಿನ ಗುರುತನ್ನು ಅಂಗಡಿಗೆ ತೂಗುಹಾಕಿದನು. ಇಬ್ಬರು ಹೆಂಡಿರಲ್ಲಿ ಆತನಿಗೆ ಹದಿನೇಳು ಮಕ್ಕಳು. ಗಂಡುಮಕ್ಕಳಲ್ಲಿ ಕಡೆಯವನು ೧೭೦೬ರಲ್ಲಿ ಹುಟ್ಟಿದ ಬೆಂಜಮಿನ್. ಹೆಣ್ಣುಮಕ್ಕಳಲ್ಲಿ ಕಡೆಯವಳು ೧೭೧೨ರಲ್ಲಿ ಹುಟ್ಟಿದ ಜೇನ್. ಬೆಂಜಮಿನನನ್ನು ಹತ್ತನೆಯ ವಯಸ್ಸಿಗೆ ಶಾಲೆ ಬಿಡಿಸಿ ಅಂಗಡಿಗೆ ಹಾಕಿದರು. ಕುಡಿಗೆ ನೂಲು ಕತ್ತರಿಸುವುದು, ಅಚ್ಚಿಗೆ ನೆಣ ಹೊಯ್ಯುವುದು, ಗಿರಾಕಿಗಳನ್ನು ನೋಡುವುದು, ಹೇಳಿದ ಕಡೆಗೆ ಓಡುವುದು, ಇವು ಅವನ ಪಾಲಿನ ಕೆಲಸ. ಅವನಿಗೆ ಅದು ಸರ್ವಥಾ ಹಿಡಿಸಲಿಲ್ಲ. ಸಮುದ್ರಕ್ಕೆ ಓಡಿಹೋದಾನೆಂಬ ಭಯದಿಂದ ತಂದೆ ಅವನನ್ನು ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನ ಮುದ್ರಣಾಲಯಕ್ಕೆ ಸೇರಿಸಿದನು. ಅಲ್ಲಿಂದ ಮುಂದಿನ ಕಥೆಯನ್ನು ಶಾಲೆಯ ಹುಡುಗರೂ ಬಲ್ಲರು. ಜೇನಳನ್ನು ಹದಿನೈದನೆಯ ವಯಸ್ಸಿನಲ್ಲಿ ಎಡ್ವರ್ಡ್ ಮೀಕಂ ಎಂಬ ಜೀನುಗಾರನಿಗೆ ಮದುವೆ ಮಾಡಿಕೊಟ್ಟರು. ಅವನದು ಸಾಲದ ಬಾಳು. ಹನ್ನೆರಡು ಮಕ್ಕಳನ್ನು ಹೆತ್ತು, ಒಬ್ಬ ಮಗಳನ್ನು ಬಿಟ್ಟು ಮಿಕ್ಕವರನ್ನೆಲ್ಲ ಆಕೆ ತನ್ನ ಕಣ್ಣೆದುರಿಗೇ ಕಳೆದುಕೊಂಡಳು.

ತಂದೆಯ ಕಸುಬು ಮಾತ್ರ ಈ ಮನೆತನವನ್ನು ಬಿಡಲಿಲ್ಲ. ಜಾನ್ ಎಂಬ ಹಿರಿಯಣ್ಣನು ಕಿರೀಟದ ಮುದ್ರೆಯೊತ್ತಿದ ಒಂದು ಸಾಬೂನನ್ನು ಮಾಡಿ ಹೆಸರು ಪಡೆದನು. ಅದಕ್ಕೆ ನೆಣವಲ್ಲ, ಕಡಲ ಕರೆಯ ಬೇಬೆರಿ ಎಂಬ ಪೊದೆಯ ಹಣ್ಣಿನ ಮೇಣ ಮೂಲದ್ರವ್ಯ. ಆ ಸಣ್ಣ ಹಣ್ಣುಗಳನ್ನು ಕುದಿಸಿದರೆ ಹಸುರುಬಣ್ಣದ ಮೇಣ ಮೇಲೆ ತೇಲುತ್ತದೆ. ಈ ಮೇಣದ ಬತ್ತಿ ಕೈಗೆ ಅಂಟದು. ಆರಿಸಿದಾಗ ಕಮಟುಹೊಗೆಗೆ ಬದಲಾಗಿ ಸುವಾಸನೆ ಬರುವುದೆಂದು ೧೭೦೫ರಲ್ಲಿಯೇ ವರ್ಜೀನಿಯದ ಚರಿತ್ರೆಯನ್ನು ಬರೆದ ರಾಬರ್ಟ್ ಬೆವರ್ಲಿ ಹೊಗಳಿದ್ದಾನೆ. ಇಂದು ಸುಗಂಧದ ಬತ್ತಿಯೆಂದು ನಮ್ಮ ಮನೆಗಳಲ್ಲಿ ಮಾಡುತ್ತಿರುವುದರ ಹಳೆಯ ನೆಂಟ ಇದೇ. ಬೆಂಜಮಿನನು ಫಿಲಡೆಲ್ಫಿಯದಲ್ಲಿ ತಾನು ನಡೆಸುತ್ತಿದ್ದ ಪತ್ರಿಕೆಯಲ್ಲಿ, ನಯವಾದ ಬಟ್ಟೆಗಳು ಉಡುವುದರಿಂದ ಸವೆಯುವುದಕ್ಕಿಂತ ಕೆಟ್ಟ ಸಾಬೂನಿನಿಂದ ಉಜ್ಜುವಾಗಲೇ ಹೆಚ್ಚು ಸವೆಯುವುವೆಂದು ಹೇಳಿ ಈ ಕಿರೀಟದ ಸಾಬೂನಿಗೆ ಜಾಹೀರಾತು ಹಾಕಿದನು. ಕಸುಬನ್ನು ಬಿಟ್ಟು ಓಡಿದವನಿಗೂ ಅದರ ಮರ್ಮ ತಿಳಿದಿದ್ದಿತು!

ಅದನ್ನು ಮಾಡುವ ಬಗೆಯೇನು? ಮರದ ಬೂದಿಯನ್ನು ಅಡಿಯಲ್ಲಿ ತೂತಿದ್ದ ಪೀಪಾಯಿಗೆ ತುಂಬಿ, ನೀರು ಹೊಯ್ದು, ಕೆಳಗೆ ಇಳಿದ ಕ್ಷಾರೋದಕವನ್ನು ಹಿಡಿಯುವರು. ಅದರಲ್ಲಿ ಮೊಟ್ಟೆಯೊಂದನ್ನು ಬಿಟ್ಟರೆ ಅದು ಮುಳುಗದೆ ತಲೆಯಷ್ಟೇ ತೋರಿಸಿ ತೇಲಿದರೆ ಹದ ಸರಿ. ಮುಳುಗಿದರೆ ನೀರು ಹೆಚ್ಚು, ಪೂರ್ತಿ ತೇಲಿದರೆ ಕ್ಷಾರ ಹೆಚ್ಚು. ಆ ಮೇಲೆ ಕೊಬ್ಬಿನೊಡನೆ ಗಂಟೆಗಟ್ಟಲೆ ಕುದಿಸಬೇಕು. ಬೂದಿಯ ಕ್ಷಾರದಿಂದ ಬರುವುದು ಲೋಳೆಯಂಥ ಮೆದು ಸಾಬೂನು. ಗಟ್ಟಿಯಾಗಬೇಕಾದರೆ ಉಪ್ಪು ಹಾಕಬೇಕು. ಯಾವ ಮರದ ಬೂದಿ, ಎಷ್ಟು ಕಾವು, ಯಾವಾಗ ಉಪ್ಪು, ಇವು ಪುಸ್ತಕದಲ್ಲಿ ಇರಲಿಲ್ಲ, ಕೈಯಲ್ಲಿದ್ದುವು. ಆದುದರಿಂದಲೇ ವಿಧಾನವೇ ಆಸ್ತಿಯಾಯಿತು. ೧೭೫೬ರಲ್ಲಿ ಜಾನನು ತೀರಿಕೊಂಡನು. ಅವನ ಬಳಿ ಕೆಲಸ ಕಲಿತಿದ್ದ ಜೇನಳ ಮಗ ಪೀಟರನು ಆ ಸಾಬೂನನ್ನು ಮಾಡಲು ಹೊರಟಾಗ ಜಾನನ ವಿಧವೆಗೂ ಅವನಿಗೂ ಮನಸ್ತಾಪ ಬಂದಿತು. ನಮ್ಮ ಕಡೆಯ ಮನೆಗಳಲ್ಲಿ ಉಪ್ಪಿನಕಾಯಿಯ ಹದಕ್ಕಾಗಿಯೋ ನಾಟೀ ಮದ್ದಿನ ಗುಟ್ಟಿಗಾಗಿಯೋ ಅತ್ತಿಗೆ ನಾದಿನಿಯರು ಮಾತು ಬಿಡುವುದನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. ಪಾಪ, ಪೀಟರನು ಕೆಲವು ವರ್ಷಗಳಲ್ಲಿ ಚಿತ್ತಭ್ರಮೆಗೆ ಒಳಗಾದನು.

೧೭೬೫ರಲ್ಲಿ ಗಂಡ ತೀರಿಹೋದ ಮೇಲೆ ಜೇನಳು ಮನೆಯಲ್ಲಿ ಬಿಡಾರದವರನ್ನು ಇಟ್ಟುಕೊಂಡು, ಅಣ್ಣನು ಲಂಡನ್ನಿನಿಂದ ಕಳುಹಿಸಿದ ಬಟ್ಟೆಗಳಿಂದ ಮಗಳ ಜೊತೆಗೂಡಿ ಟೋಪಿ ಕುಲಾವಿಗಳನ್ನು ಹೊಲಿದು ಮಾರತೊಡಗಿದಳು. ಅದೇ ಸಮಯಕ್ಕೆ ಇಂಗ್ಲೆಂಡಿನ ಹೊಸ ಸುಂಕಗಳನ್ನು ವಿರೋಧಿಸಿ ಬಾಸ್ಟನ್ನಿನ ಜನ ಆ ದೇಶದ ಸರಕನ್ನು ಬಹಿಷ್ಕರಿಸಿದರು. ದೇಶಕ್ಕೆ ಅದು ಹಿತವೇ; ಜೇನಳ ವ್ಯಾಪಾರ ಮಾತ್ರ ಮುರಿದುಬಿದ್ದಿತು. ಕೊನೆಗೆ ಆಕೆಯ ಕೈಹಿಡಿದದ್ದು ಯಾರ ಸರಕನ್ನೂ ಕಾಯಬೇಕಾಗಿಲ್ಲದ, ತಂದೆಯ ಮನೆಯಲ್ಲಿ ಕಲಿತ ಸಾಬೂನು. ಬೆಂಜಮಿನನು ಫ್ರಾನ್ಸಿನಲ್ಲಿ ಹೊಸ ರಾಷ್ಟ್ರದ ರಾಯಭಾರಿಯಾಗಿ, ರಾಜರಿಂದಲೂ ವಿದ್ವಾಂಸರಿಂದಲೂ ಮನ್ನಣೆ ಪಡೆಯುತ್ತಿದ್ದಾಗ, ಅಲ್ಲಿನ ಸ್ನೇಹಿತರಿಗೆ ಉಡುಗೊರೆ ಕೊಡಲು ಕಿರೀಟದ ಸಾಬೂನು ಬೇಕೆಂದು ತಂಗಿಗೆ ಬರೆದನು. ಯುದ್ಧದ ಕಡಲನ್ನು ದಾಟಿ ಆ ಬಿಲ್ಲೆಗಳು ಫ್ರಾನ್ಸಿಗೆ ಹೋದುವು. ಅವನ ಇಚ್ಛೆಯಂತೆ ಆಕೆ ಅದನ್ನು ಮಾಡುವ ಕ್ರಮವನ್ನೂ ಬರೆದಿಟ್ಟಳು. ಶಾಲೆಯ ಅಭ್ಯಾಸ ಸಾಲದೆ ಆಕೆಯ ಬರವಣಿಗೆಯಲ್ಲಿ ಅಕ್ಷರದೋಷಗಳು ಹೇರಳ; ಅದಕ್ಕಾಗಿ ಆಕೆ ಜೀವಮಾನವೆಲ್ಲ ನಾಚುತ್ತಿದ್ದಳು. ಆದರೂ ಮಾತಿನಿಂದ ಕೈಗೆ, ಕೈಯಿಂದ ಕೈಗೆ ನಡೆದುಬಂದ ವಿದ್ಯೆಯನ್ನು ಆ ಮನೆತನದಲ್ಲಿ ಕಾಗದಕ್ಕೆ ಇಳಿಸುವ ಹೊರೆ ಬಿದ್ದದ್ದು ಆಕೆಯ ಮೇಲೆಯೇ. ಬೆಂಜಮಿನನು ೧೭೯೦ರಲ್ಲಿಯೂ ಜೇನಳು ೧೭೯೪ರಲ್ಲಿಯೂ ತೀರಿಕೊಂಡರು.

ಇಲ್ಲಿಯೇ ಒಂದು ಮಾತು. ೧೭೮೪ರಲ್ಲಿ ಬೆಂಜಮಿನನು ಪ್ಯಾರಿಸಿನ ಪತ್ರಿಕೆಯೊಂದಕ್ಕೆ ವಿನೋದದ ಲೇಖನವನ್ನು ಬರೆದನು. ಆ ನಗರದ ಒಂದು ಲಕ್ಷ ಕುಟುಂಬಗಳು ಆರು ತಿಂಗಳ ೧೮೩ ರಾತ್ರಿಗಳಲ್ಲಿ, ರಾತ್ರಿಗೆ ಏಳು ಗಂಟೆಗಳಂತೆ, ಗಂಟೆಗೆ ಅರ್ಧ ಪೌಂಡು ಬತ್ತಿಯನ್ನು ಸುಟ್ಟರೆ ೬,೪೦,೫೦,೦೦೦ ಪೌಂಡುಗಳಾಗುವುದೆಂದೂ, ಸೂರ್ಯನೊಡನೆ ಎದ್ದು ಸೂರ್ಯನೊಡನೆ ಮಲಗಿದರೆ ಅಷ್ಟೂ ಉಳಿಯುವುದೆಂದೂ ಅದರಲ್ಲಿ ಲೆಕ್ಕ ತೋರಿಸಿದ್ದಾನೆ. ಬತ್ತಿ ಮಾರಿದವನ ಮಗನಲ್ಲದೆ ಇನ್ನಾರು ಇದನ್ನು ಬರೆದಾರು? ತಂದೆ ಓದಿದ್ದರೆ ವ್ಯಾಪಾರಕ್ಕೆ ಕುತ್ತು ತಂದನೆಂದು ಕಿವಿ ಹಿಂಡುತ್ತಿದ್ದನೋ ಏನೋ.

ಮುಂದಿನ ಶತಮಾನದಲ್ಲಿ ಮೊಟ್ಟೆಯ ಪರೀಕ್ಷೆಗೆ ಬದಲು ತಕ್ಕಡಿಯ ಪರೀಕ್ಷೆ ಬಂದಿತು. ೧೭೯೧ರಲ್ಲಿ ಲೆಬ್ಲಾಂಕನೆಂಬ ಫ್ರೆಂಚ್ ವೈದ್ಯನು ಅಡಿಗೆಯ ಉಪ್ಪಿನಿಂದ ಸೋಡವನ್ನು ಮಾಡುವ ವಿಧಾನಕ್ಕೆ ಸನದು ಪಡೆದನು. ಬೂದಿಗಾಗಿ ಕಾಡು ಕಡಿಯುವುದು ತಪ್ಪಿತು. ಮಹಾಕ್ರಾಂತಿಯಲ್ಲಿ ಕಾರ್ಖಾನೆಯನ್ನು ಕಳೆದುಕೊಂಡು ಆತನು ೧೮೦೬ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಅದೇ ದೇಶದ ಷೆವ್ರಲನು ೧೮೨೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೊಬ್ಬೆಂಬುದು ಒಂದು ಪದಾರ್ಥವಲ್ಲ, ಕೆಲವು ಆಮ್ಲಗಳು ಗ್ಲಿಸರಿನ್ ಎಂಬ ಸಿಹಿದ್ರವದೊಡನೆ ಕೂಡಿ ಆದುದು, ಕ್ಷಾರವು ಬಂದಾಗ ಆಮ್ಲಗಳು ಅದನ್ನು ಸೇರಿ ಸಾಬೂನಾಗುವುವು ಎಂದು ತೋರಿಸಿದನು. ಬತ್ತಿಗೂ ಸಾಬೂನಿಗೂ ಏನು ಸಂಬಂಧವೆಂಬ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರ ಇದೇ. ಏಕೆಂದರೆ ಹೀಗೆ ಬೇರೆಯಾದ ಆಮ್ಲಗಳಲ್ಲಿ ಗಟ್ಟಿಯಾದ ಸ್ಟಿಯರಿಕ್ ಆಮ್ಲದಿಂದಲೇ ನಾತವಿಲ್ಲದ ಬಿಳಿಯ ಬತ್ತಿಯನ್ನು ಮಾಡಿದರು. ಕುಡಿಯನ್ನು ಹುರಿಯ ಬದಲು ಜಡೆಯಂತೆ ಹೆಣೆದರೆ ಅದು ಉರಿಯುತ್ತ ಬಾಗಿ ತನ್ನ ಕರಿಯನ್ನು ತಾನೇ ಸುಟ್ಟುಕೊಳ್ಳುವುದೆಂದು ಕಂಡುಕೊಂಡ ಮೇಲೆ, ಗಳಿಗೆಗೊಮ್ಮೆ ಕತ್ತರಿ ಹಿಡಿದು ಕುಡಿ ಕತ್ತರಿಸುವ ಸೇವಕನ ಕೆಲಸವೂ ಹೋಯಿತು. ೧೮೫೦ರಿಂದ ಈಚೆಗೆ ಪ್ಯಾರಫಿನ್ ಮೇಣ ಬಂದು ಬತ್ತಿಯನ್ನು ಅಗ್ಗ ಮಾಡಿತು. ಮೈಕೇಲ್ ಫ್ಯಾರಡೆಯು ೧೮೬೦-೬೧ರ ಚಳಿಗಾಲದಲ್ಲಿ ಒಂದು ಬತ್ತಿಯನ್ನು ಮುಂದಿಟ್ಟುಕೊಂಡು ಎಳೆಯರಿಗೆ ರಸಾಯನಶಾಸ್ತ್ರವನ್ನು ಆರು ಉಪನ್ಯಾಸಗಳಲ್ಲಿ ಬೋಧಿಸಿದನು. ಉಪಾಧ್ಯಾಯರಾದವರೆಲ್ಲ ಅದನ್ನು ಒಮ್ಮೆ ಓದಬೇಕು.

ಅಮೆರಿಕದ ಸಿನ್ಸಿನಾಟಿಯಲ್ಲಿ ವಿಲಿಯಂ ಪ್ರಾಕ್ಟರನು ಬತ್ತಿ ಮಾಡುತ್ತಿದ್ದನು, ಜೇಮ್ಸ್ ಗ್ಯಾಂಬಲನು ಸಾಬೂನು ಮಾಡುತ್ತಿದ್ದನು. ಇಬ್ಬರೂ ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದವರು. ಒಂದೇ ನೆಣಕ್ಕಾಗಿ ಇಬ್ಬರು ಅಳಿಯಂದಿರು ಪೈಪೋಟಿ ಮಾಡುವುದೇಕೆ, ಪಾಲುಗಾರರಾಗಿರೆಂದು ಮಾವನು ಹೇಳಿದ ಬುದ್ಧಿಯ ಮಾತಿನಿಂದ ೧೮೩೭ರಲ್ಲಿ ಅವರ ಸಂಸ್ಥೆ ಹುಟ್ಟಿತು. ಅದರ ಸಾಮಾನುಗಳು ಇಂದು ನಮ್ಮ ಹಳ್ಳಿಯ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಗೆದ್ದವರ ಕಥೆಯನ್ನು ಹೇಳುವವರು ಬೇರೆ ಇದ್ದಾರೆ.

ಇನ್ನು ನಮ್ಮ ನಾಡಿಗೆ ಬರೋಣ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರಿನ ಶ್ರೀಗಂಧದ ಕೊರಡುಗಳು ಜರ್ಮನಿಗೆ ಹೋಗುವುದು ನಿಂತುದರಿಂದ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸಲು ಏರ್ಪಾಡಾಯಿತು. ೧೯೧೮ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆ ಆರಂಭವಾಯಿತು. ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತುಬಂದರು. ವರಾಹಮಿಹಿರನ ಗಂಧಯುಕ್ತಿಯೂ ಷೆವ್ರಲನ ರಸಾಯನವೂ ಒಂದೇ ಬಿಲ್ಲೆಯಲ್ಲಿ ಕೂಡಿದುದು ಇದರಲ್ಲಿಯೇ ಎಂದು ನನ್ನ ಅಭಿಪ್ರಾಯ. ಸ್ವಾತಂತ್ರ್ಯಾನಂತರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಬೇವು ಮೊದಲಾದ ತಿನ್ನಲಾರದ ಎಣ್ಣೆಗಳಿಂದ ಸಾಬೂನು ಮಾಡುವುದನ್ನು ಗ್ರಾಮೋದ್ಯೋಗಗಳಲ್ಲಿ ಸೇರಿಸಿ ಪೋಷಿಸಿತು. ಹಳ್ಳಿಯ ಬೇಲಿಯಲ್ಲಿ ಉದುರಿ ಹೋಗುತ್ತಿದ್ದ ಬೀಜಕ್ಕೆ ಬೆಲೆ ಬಂದುದು ಸಣ್ಣ ಲಾಭವಲ್ಲ.

ಈಗ ಮನೆಯಲ್ಲಿ ಸಾಬೂನು ಮಾಡುವವಳಿಗೆ ಜೇನಳಿಗಿದ್ದ ಕಷ್ಟಗಳಲ್ಲಿ ಕೆಲವಿಲ್ಲ. ನೂರು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು ಹದಿನೆಂಟು ಗ್ರಾಂ ಕಾಸ್ಟಿಕ್ ಸೋಡ ಬೇಕೆಂಬ ಲೆಕ್ಕ ಸಿದ್ಧವಾಗಿದೆ, ಮೊಟ್ಟೆ ತೇಲಿಸಬೇಕಾಗಿಲ್ಲ. ಸೋಡವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಕ್ಕೆ ಹೊಯ್ಯಬಾರದೆಂಬ ಎಚ್ಚರಿಕೆಯೂ, ಅಚ್ಚಿನಿಂದ ತೆಗೆದ ಬಿಲ್ಲೆಯನ್ನು ನಾಲ್ಕು ವಾರ ಗಾಳಿಗೆ ಆರಿಸಬೇಕೆಂಬ ತಾಳ್ಮೆಯೂ ಇದ್ದರೆ ಸಾಕು. ಆದರೆ ಮೈಗೆ ಹಚ್ಚುವ ಸಾಬೂನನ್ನು ಮಾರಾಟಕ್ಕಾಗಿ ಮಾಡುವವರು ೨೦೨೦ರ ನಿಯಮಗಳ ಮೇರೆಗೆ ಸರಕಾರದ ಪರವಾನಗಿ ಪಡೆಯಬೇಕು. ಅದಕ್ಕೆ ತಕ್ಕ ಸ್ಥಳ, ಉಪಕರಣ, ಶಿಕ್ಷಣ ಪಡೆದವರ ಮೇಲ್ವಿಚಾರಣೆ ಇವೆಲ್ಲ ಇರಬೇಕು. ಮೇಣದ ಬತ್ತಿಗೆ ಈ ಕಟ್ಟಿಲ್ಲ. ಆದುದರಿಂದಲೇ ಅನೇಕರು ಬತ್ತಿಯಿಂದ ಮೊದಲು ಮಾಡುತ್ತಾರೆ. ಇಂಗ್ಲೆಂಡಿನ ಒಂದು ಟನ್ನಿನ ನಿಯಮವು ಬೊಕ್ಕಸದ ಸಲುವಾಗಿ ಇದ್ದಿತು. ಇದು ಕೊಳ್ಳುವವರ ಚರ್ಮದ ಸಲುವಾಗಿ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಅಡಿಗೆಮನೆಯ 'ಸ್ಥಳ'ವನ್ನು ಕಾರ್ಖಾನೆಯ ಅಳತೆಯಿಂದ ಅಳೆಯುವಾಗ ಸಣ್ಣ ಕಡಾಯಿಗೆ ಮೊದಲು ಬೀಗ ಬೀಳುವುದು ಅಂದಿನಂತೆ ಇಂದಿಗೂ ಉಂಟು.

ನನ್ನ ಹಳೆಯ ಶಿಷ್ಯೆಯೊಬ್ಬಳು ಪರವಾನಗಿ ಪಡೆದ ಘಟಕವೊಂದರಲ್ಲಿ ಇನ್ನು ಮೂವರೊಡನೆ ಸೇರಿ ಸಾಬೂನು ಮಾಡಿಸಿ, ಬತ್ತಿಗಳನ್ನು ಮನೆಯಲ್ಲಿಯೇ ಎರೆದು ಮಾರುತ್ತಾಳೆ. ಲೆಕ್ಕವನ್ನು ನೋಡಿಕೊಡಿ ಮೇಷ್ಟ್ರೇ, ಎಂದು ಕಳೆದ ತಿಂಗಳು ಪುಸ್ತಕವನ್ನು ತಂದಳು. ಮೇಣ, ನೂಲು, ಸುಗಂಧತೈಲ, ಡಬ್ಬಿ, ಚೀಟಿ, ಅಂಚೆ, ಒಂದೊಂದಕ್ಕೂ ಅಂಕಣವಿದ್ದಿತು; ಅಕ್ಷರವೂ ಮುದ್ದಾಗಿದ್ದಿತು. ಲಾಭವೆಂದು ಕೆಳಗೆ ಬರೆದಿದ್ದ ಮೊತ್ತ ಅವಳ ಸಂತೋಷಕ್ಕೆ ಸಾಕಾಗುವಷ್ಟಿದ್ದಿತು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕುಳಿತು ಎರೆದ ಗಂಟೆಗಳ ಅಂಕಣ ಎಲ್ಲಿ ಎಂದು ಕೇಳಿದೆನು. ಅದಕ್ಕೇನು ಲೆಕ್ಕ ಮೇಷ್ಟ್ರೇ, ಮನೆಯಲ್ಲಿಯೇ ಮಾಡಿದ್ದಲ್ಲವೆ, ಎಂದಳು. ಸೆಲ್ಬೋರ್ನಿನ ಪಾದ್ರಿಯ ವಿಚಾರವನ್ನು ಹೇಳಿದೆನು. ಇಬ್ಬರೂ ಕೂತು, ಹೊಲದ ಕೆಲಸಕ್ಕೆ ಈಗ ಕೊಡುವ ಕೂಲಿಯ ದರದಲ್ಲಿಯೇ ಆ ಗಂಟೆಗಳಿಗೆ ಬೆಲೆ ಕಟ್ಟಿ ಹೊಸ ಅಂಕಣವನ್ನು ಎಳೆದೆವು. ಲಾಭವು ಹೋಗಿ ನಷ್ಟ ಕಾಣಿಸಿತು. ಬತ್ತಿಯ ಬೆಲೆಯನ್ನು ಏರಿಸಿದರೆ ಗಿರಾಕಿಗಳು ಅಂಗಡಿಗೆ ಹೋಗುತ್ತಾರೆ. ಏರಿಸದಿದ್ದರೆ ತಾನು ದುಡಿದುದು ಬಿಟ್ಟಿಯಾಯಿತು. ಪುಸ್ತಕವನ್ನು ಮುಚ್ಚಿ, ದೀಪಾವಳಿಯವರೆಗೆ ಹಳೆಯ ಬೆಲೆಯೇ ಇರಲಿ, ಆಮೇಲೆ ನೋಡೋಣವೆಂದು ಹೇಳಿ ಹೋಗಿದ್ದಾಳೆ. ಹೊಸ ಅಂಕಣವನ್ನು ಮಾತ್ರ ಅಳಿಸಿಲ್ಲ.